ಹೊಗೆಯ ಊರು, ಧೂಳಿನ ದಾರಿ



1950ರ ಸೆಪ್ಟೆಂಬರ್ 24, ಭಾನುವಾರ. ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊ, ನ್ಯೂಯಾರ್ಕ್ ರಾಜ್ಯಗಳ ಎಷ್ಟೋ ಊರುಗಳಲ್ಲಿ ಹಗಲು ಹೊತ್ತಿನಲ್ಲೇ ಕತ್ತಲು ಕವಿಯಿತು. ದೀಪ ಹೊತ್ತಿಸಬೇಕಾಯಿತು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ ಅದು. ಎಲ್ಲೋ ಅಣುಬಾಂಬು ಬಿದ್ದಿರಬೇಕೆಂದು ಹೆದರಿದವರಿದ್ದರು, ಪ್ರಳಯವೇ ಬಂತೆಂದುಕೊಂಡವರೂ ಇದ್ದರು. ಎರಡು ದಿನ ಕಳೆದು ಅಟ್ಲಾಂಟಿಕ್ ಸಾಗರದ ಆಚೆ ದಡದ ಸ್ಕಾಟ್ಲೆಂಡಿನಲ್ಲಿ ಸೂರ್ಯ ನೀಲಿಯಾಗಿ ಕಂಡ. ರಾತ್ರಿ ನೋಡಿದರೆ ಚಂದ್ರನೂ ನೀಲಿ. ಎಡಿನ್‌ಬರೊ ವೇಧಶಾಲೆಯ ರಾಬರ್ಟ್ ವಿಲ್ಸನ್ ಆ ನೀಲಿ ಸೂರ್ಯನ ಬೆಳಕನ್ನು ಅಳೆದು ದಾಖಲಿಸಿಕೊಂಡರು. ಇದಕ್ಕೆಲ್ಲ ಕಾರಣ, ಸಾವಿರಾರು ಮೈಲಿ ಪಶ್ಚಿಮದಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾ ಪ್ರಾಂತ್ಯಗಳ ಕಾಡುಗಳಲ್ಲಿ ಜೂನ್ ತಿಂಗಳಿಂದ ಉರಿಯುತ್ತಿದ್ದ ಕಿಚ್ಚು. ಹೊಗೆಯ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾಗಿದ್ದು ಕೆಂಪು ಬೆಳಕನ್ನು ಹೆಚ್ಚಾಗಿ ಚದುರಿಸಿದ್ದರಿಂದ ಸೂರ್ಯ ನೀಲಿಯಾದ. ಕತ್ತಲಲ್ಲಿ ದೀಪ ಹಚ್ಚಿಕೊಂಡು ಕುಳಿತವರಿಗೆ ಆ ಹೊತ್ತಿನಲ್ಲಿ ಇದು ತಿಳಿಯುವ ದಾರಿ ಇರಲಿಲ್ಲ.

2023ರ ಜೂನ್ ಮೊದಲ ವಾರದಲ್ಲಿ ಅದೇ ಕೆನಡಾದ ಕಾಡು ಮತ್ತೆ ಉರಿಯಿತು, ಈ ಸಲ ಪೂರ್ವದ ಕ್ವಿಬೆಕ್ ಪ್ರಾಂತ್ಯದಲ್ಲಿ. ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿತು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಕನ್ನಡದ ಮಂದಿಯೂ ಕಿಟಕಿ ಮುಚ್ಚಿಕೊಂಡು ಒಳಗೆ ಕುಳಿತರು. ಆದರೆ ಅಣುಬಾಂಬಿನ ಭಯ ಯಾರಿಗೂ ಹುಟ್ಟಲಿಲ್ಲ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದ್ದ ಗೋಸ್-16 ಎಂಬ ಹವಾಮಾನ ಉಪಗ್ರಹ ಐದೈದು ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿತ್ತು. ಹೊಗೆ ಎಲ್ಲಿ ಎದ್ದಿತು, ಯಾವ ಗಾಳಿಗೆ ಸಿಕ್ಕಿತು, ಎಷ್ಟು ಹೊತ್ತಿಗೆ ಯಾವ ಊರು ಮುಟ್ಟುತ್ತದೆ ಎಂಬುದನ್ನು ಹವಾಮಾನ ಇಲಾಖೆಗೆ ಮೊದಲೇ ಹೇಳಲು ಆಗುತ್ತಿತ್ತು. ಅದೇ ಹೊಗೆ ಅಟ್ಲಾಂಟಿಕ್ ದಾಟಿ ನಾರ್ವೆ ತಲುಪಿದಾಗ ಅಲ್ಲಿನ ವಿಜ್ಞಾನಿಗಳು ಅದಕ್ಕಾಗಿ ಕಾದು ಕುಳಿತಿದ್ದರು.

ಈ ಎರಡು ಘಟನೆಗಳ ನಡುವೆ 1960ರ ಏಪ್ರಿಲ್ 1ರಂದು ಟೈರೋಸ್-1 ಎಂಬ ಮೊದಲ ಹವಾಮಾನ ಉಪಗ್ರಹ ಮೇಲೇರಿತು. ಅಲ್ಲಿಂದ ಇಲ್ಲಿಯವರೆಗೆ ನಾವು ಕಲಿತದ್ದೇನು, ಇನ್ನೂ ಕಲಿಯಬೇಕಾದದ್ದೇನು ಎಂಬುದು ಈ ಹೊತ್ತಿನ ನನ್ನ ಮಾತು. ಹೊಗೆಗೂ ಧೂಳಿಗೂ ವಿಳಾಸ ಹುಡುಕಿಕೊಡುವ ಶಕ್ತಿ ಈ ಚಿತ್ರಗಳಿಗಿದೆ. ಆದರೆ ಪ್ರತಿ ಚಿತ್ರಕ್ಕೂ ಒಂದು ಗಳಿಗೆ ಇದೆ, ಒಂದು ಎತ್ತರ ಇದೆ, ಕಾಣದೆ ಉಳಿಯುವ ಒಂದು ಭಾಗವೂ ಇದೆ. ಅದನ್ನು ಅರಿಯದೆ ಚಿತ್ರ ನಂಬಿದರೆ ದೊಡ್ಡ ದೊಡ್ಡ ತೀರ್ಮಾನಗಳೇ ದಾರಿ ತಪ್ಪುತ್ತವೆ.

ಮೊದಲು, ಉಪಗ್ರಹಕ್ಕೆ ಹೊಗೆ ಹೇಗೆ ಕಾಣುತ್ತದೆ ಎಂದು ನೋಡೋಣ. ಹೊಗೆಯ ಕಣ ಬಹಳ ಸಣ್ಣದು, ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಧೂಳಿನ ಕಣ ಅದಕ್ಕಿಂತ ದಪ್ಪ, ಓರೆಕೋರೆ. ಸಣ್ಣ ಕಣಗಳು ಸಾಮಾನ್ಯವಾಗಿ ನೀಲಿ ಬೆಳಕನ್ನು ಚೆನ್ನಾಗಿ ಚದುರಿಸುತ್ತವೆ. ಅವಕೆಂಪು ಕಿರಣಗಳು ಅವುಗಳ ನಡುವೆ ಸುಲಭವಾಗಿ ನುಸುಳಿ ಬರುತ್ತವೆ. ಹಾಗಾಗಿ ಬರಿಗಣ್ಣಿಗೆ ಬರೀ ಹೊಗೆ ಕಾಣುವಲ್ಲಿ, ಅವಕೆಂಪು ಕಿರಣ ಹಿಡಿಯುವ ಉಪಕರಣಕ್ಕೆ ಹೊಗೆಯ ಕೆಳಗಿನ ಬೆಂಕಿಯ ಗೆರೆಯೇ ಕಾಣುತ್ತದೆ. ಬೆಂಕಿ ಹಿಡಿಯುವುದಕ್ಕೆಂದೇ ಇನ್ನೊಂದು ಕಿರಣವಿದೆ, ಸುಮಾರು 4 ಮೈಕ್ರಾನ್ ತರಂಗಾಂತರದ್ದು. ಉರಿಯುವ ಸೌದೆಯ ಶಾಖದಲ್ಲಿರುವ ವಸ್ತು ಈ ಕಿರಣವನ್ನು ಧಾರಾಳವಾಗಿ ಹೊರಸೂಸುತ್ತದೆ. ಆದ್ದರಿಂದ ಚಿತ್ರದ ಒಂದು ಚೌಕದೊಳಗೆ ಬೆಂಕಿ ಸಣ್ಣ ಮೂಲೆಯಲ್ಲಿದ್ದರೂ ಇಡೀ ಚೌಕ ಸುತ್ತಲಿನದಕ್ಕಿಂತ ಬಿಸಿಯಾಗಿ ತೋರುತ್ತದೆ. 1999ರಲ್ಲಿ ಹಾರಿದ ಟೆರ್ರಾ, 2002ರಲ್ಲಿ ಹಾರಿದ ಆಕ್ವಾ ಉಪಗ್ರಹಗಳ ಮೋಡಿಸ್ ಉಪಕರಣಕ್ಕೆ ಬೆಂಕಿ ಕಾಣುವ ಚೌಕ ಒಂದು ಕಿಲೋಮೀಟರಿನದು. 2011ರಲ್ಲಿ ಬಂದ ವೀರ್ಸ್ ಉಪಕರಣಕ್ಕೆ 375 ಮೀಟರಿನದು.

ಧೂಳಿನ ಕಥೆ ಬೇರೆ. ಮರುಭೂಮಿಯ ಮೇಲೆ ಧೂಳೆದ್ದರೆ ಕೆಳಗಿನ ಮರಳೂ ಮೇಲಿನ ಧೂಳೂ ಒಂದೇ ಬಣ್ಣ. ಸಾಮಾನ್ಯ ಚಿತ್ರದಲ್ಲಿ ಎಲ್ಲಿ ನೆಲ ಮುಗಿಯಿತು, ಎಲ್ಲಿ ಧೂಳು ಶುರುವಾಯಿತು ಹೇಳುವುದು ಕಷ್ಟ. ಅದಕ್ಕೆ ವಿಜ್ಞಾನಿಗಳು ಹಿಡಿದ ಉಪಾಯ ನನಗೆ ಬಹಳ ಇಷ್ಟವಾದದ್ದು. ಭೂಮಿಯ ಶಾಖವನ್ನು ಸುಮಾರು 11 ಮೈಕ್ರಾನಿನಲ್ಲೊಮ್ಮೆ, 12 ಮೈಕ್ರಾನಿನಲ್ಲೊಮ್ಮೆ ಅಳೆಯುತ್ತಾರೆ. ಮಂಜಿನ ಹರಳುಗಳ ತೆಳು ಮೋಡವಿದ್ದರೆ 12ರ ಅಳತೆ ಹೆಚ್ಚು ತಣ್ಣಗೆ ಬರುತ್ತದೆ. ಮರಳಿನ ಖನಿಜಗಳ ಧೂಳಿದ್ದರೆ ತಿರುವುಮುರುವು, 11ರ ಅಳತೆ ತಣ್ಣಗೆ ಬರುತ್ತದೆ. ಒಂದರಿಂದ ಒಂದನ್ನು ಕಳೆದರೆ ಸಾಕು, ಮೋಡ ಯಾವುದು ಧೂಳು ಯಾವುದು ತಿಳಿಯುತ್ತದೆ. ಇದಕ್ಕೆ ಸೂರ್ಯನ ಬೆಳಕು ಬೇಡ, ರಾತ್ರಿಯೂ ನಡೆಯುತ್ತದೆ. ಈ ಎರಡು ಅಳತೆಗಳನ್ನೂ ತೆಗೆಯಬಲ್ಲ ಉಪಗ್ರಹಗಳು ನಮ್ಮವೂ ಇವೆ. 2013ರ ಇನ್ಸಾಟ್-3ಡಿ, 2016ರ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್. ಇವುಗಳ ನಿಯಂತ್ರಣ ನಡೆಯುವುದು ನಮ್ಮ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಿಂದ. ಅರಬ್ಬೀ ಸಮುದ್ರದ ಮೇಲೆ ಬರುವ ಧೂಳಿನ ಚಿತ್ರದ ಹಿಂದೆ ಹಾಸನದ ಎಂಜಿನಿಯರುಗಳ ದುಡಿಮೆ ಇದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಇನ್ನೊಂದು ದಾರಿ ತಾನಾಗಿಯೇ ಒದಗಿ ಬಂತು. 1978ರಲ್ಲಿ ನಿಂಬಸ್-7 ಉಪಗ್ರಹದಲ್ಲಿ ಟಾಮ್ಸ್ ಎಂಬ ಉಪಕರಣ ಹೋಯಿತು. ಅದರ ಕೆಲಸ ಓಜೋನ್ ಅಳೆಯುವುದು. ಸೂರ್ಯನ ಅತಿನೇರಳೆ ಕಿರಣ ಎಷ್ಟು ಮರಳಿ ಬರುತ್ತದೆಂದು ನೋಡುವುದು. ಲೆಕ್ಕ ಹಾಕುವಾಗ ಕೆಲವು ಕಡೆ ಹೊಂದಿಕೆಯಾಗದ ಒಂದು ಉಳಿಕೆ ಸಿಗುತ್ತಿತ್ತು. ಆ ಉಳಿಕೆಯನ್ನು ಭೂಪಟದ ಮೇಲೆ ಹಾಕಿದಾಗ ಅದು ಸಹಾರಾದ ಧೂಳನ್ನೂ ಉರಿಯುವ ಕಾಡುಗಳ ಹೊಗೆಯನ್ನೂ ತೋರಿಸಿತು. ಮಸಿಗೂ ಮರುಭೂಮಿಯ ಧೂಳಿಗೂ ಅತಿನೇರಳೆ ಕಿರಣ ಹೀರುವ ಗುಣವಿದೆ, ಮೋಡಕ್ಕಿಲ್ಲ. 1990ರ ದಶಕದಲ್ಲಿ ಇದು ಸ್ಪಷ್ಟವಾದ ಮೇಲೆ ವಿಜ್ಞಾನಿಗಳು ಹಳೆಯ ದತ್ತಾಂಶವನ್ನೆಲ್ಲ ಮತ್ತೆ ತೆರೆದರು. ಯಾರೂ ಕೇಳದೆ ಇದ್ದ ಪ್ರಶ್ನೆಗೆ ಹಿಂದಿನ ವರ್ಷಗಳ ಉತ್ತರ ಅಲ್ಲಿ ಸಿದ್ಧವಾಗಿತ್ತು. ಅಳತೆಗಳನ್ನು ಎಸೆಯದೆ ಜೋಪಾನ ಮಾಡಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆಯುವುದಿಲ್ಲ.

ಸಹಾರಾದ ಧೂಳು ಸಮುದ್ರ ದಾಟುವುದು ನಾವಿಕರಿಗೆ ಹಳೆಯ ಸಂಗತಿ. 1832ರ ಜನವರಿಯಲ್ಲಿ ಬೀಗಲ್ ಹಡಗು ಕೇಪ್ ವರ್ಡ್ ದ್ವೀಪಗಳ ಬಳಿ ನಿಂತಾಗ ಚಾರ್ಲ್ಸ್ ಡಾರ್ವಿನ್ ಅಲ್ಲಿ ಬಿದ್ದ ಕಂದು ಧೂಳನ್ನು ಸಂಗ್ರಹಿಸಿಕೊಂಡು, ಮುಂದೆ ಅದರ ಬಗ್ಗೆ ಲೇಖನವನ್ನೇ ಬರೆದ. ಆದರೆ ಎಷ್ಟು ಧೂಳು, ಎಲ್ಲಿಯವರೆಗೆ ಎಂಬ ಲೆಕ್ಕಕ್ಕೆ ಲೇಸರ್ ಹೊತ್ತ ಕ್ಯಾಲಿಪ್ಸೊ ಉಪಗ್ರಹ ಬರಬೇಕಾಯಿತು. ಅದು 2006ರಿಂದ 2023ರವರೆಗೆ ಕೆಲಸ ಮಾಡಿತು. 2007ರಿಂದ 2013ರವರೆಗಿನ ಅದರ ಅಳತೆಯ ಪ್ರಕಾರ ಆಫ್ರಿಕಾದ ಪಶ್ಚಿಮ ತೀರದಿಂದ ವರ್ಷಕ್ಕೆ ಸರಾಸರಿ 18 ಕೋಟಿ 20 ಲಕ್ಷ ಟನ್ ಧೂಳು ಹೊರಡುತ್ತದೆ. ಅದರಲ್ಲಿ 2 ಕೋಟಿ 77 ಲಕ್ಷ ಟನ್ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಮೇಲೆ ಇಳಿಯುತ್ತದೆ. ಅದರ ಜೊತೆಗೆ ಗಿಡಮರಗಳಿಗೆ ಬೇಕಾದ ರಂಜಕವೂ ಸುಮಾರು 22,000 ಟನ್ ಬರುತ್ತದೆ. ಮಳೆ ಮತ್ತು ನೆರೆ ಆ ಕಾಡಿನಿಂದ ತೊಳೆದೊಯ್ಯುವ ರಂಜಕವೂ ಹೆಚ್ಚುಕಡಿಮೆ ಇಷ್ಟೇ. ಚಾಡ್ ದೇಶದಲ್ಲಿ ಒಣಗಿದ ಒಂದು ಕೆರೆಯ ತಳ, ಬೊಡೆಲೆ ತಗ್ಗು, ಈ ಧೂಳಿನ ದೊಡ್ಡ ತವರು. ಧೂಳೆಂದರೆ ಬರೀ ಉಪದ್ರವ ಎಂದುಕೊಂಡ ನಮಗೆ ಇದು ಬೇರೆಯೇ ಪಾಠ.

ನಮ್ಮ ಕಡೆಗೂ ಧೂಳು ಬರುತ್ತದೆ. 2012ರ ಮಾರ್ಚಿನಲ್ಲಿ ಅರೇಬಿಯಾದಲ್ಲಿ ಎದ್ದ ಬಿರುಗಾಳಿಯ ಧೂಳು ಅರಬ್ಬೀ ಸಮುದ್ರ ದಾಟಿ ಮುಂಬಯಿಯವರೆಗೂ ಬಂತು. 2022ರ ಜನವರಿಯಲ್ಲಿ ಪಾಕಿಸ್ತಾನದ ಕಡೆಯಿಂದ ಹೊರಟ ಧೂಳು ಕರಾಚಿ, ಗುಜರಾತ್ ಮೇಲೆ ಹಾದು ಮುಂಬಯಿಯ ಕಾರುಗಳ ಮೇಲೆ ಬಿಳಿ ಪುಡಿಯಾಗಿ ಕೂತಿತು. ಚಿತ್ರಗಳಲ್ಲಿ ಅದರ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಇನ್ನೂ ಕುತೂಹಲದ ಸಂಗತಿ ಮಳೆಗಾಲದ್ದು. 2014ರಲ್ಲಿ ಐಐಟಿ ಭುವನೇಶ್ವರದ ವಿನೋಜ್ ಮತ್ತು ಸಂಗಡಿಗರು ಉಪಗ್ರಹದ ಅಳತೆಗಳನ್ನೂ ಕಂಪ್ಯೂಟರ್ ಮಾದರಿಗಳನ್ನೂ ಇಟ್ಟುಕೊಂಡು, ಪಶ್ಚಿಮ ಏಷ್ಯಾ ಮತ್ತು ಅರಬ್ಬೀ ಸಮುದ್ರದ ಮೇಲೆ ಧೂಳು ಹೆಚ್ಚಿದಾಗ ಸುಮಾರು ಒಂದು ವಾರದೊಳಗೆ ಮಧ್ಯ ಭಾರತದ ಮಳೆ ಹೆಚ್ಚುತ್ತದೆಂದು ತೋರಿಸಿದರು. ಧೂಳು ಬಿಸಿಲನ್ನು ಹೀರಿ ಗಾಳಿಯನ್ನು ಬಿಸಿಮಾಡುತ್ತದೆ. ಬಿಸಿಯಾದ ಗಾಳಿ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ನೈಋತ್ಯ ಮುಂಗಾರನ್ನೇ ನಂಬಿ ಬದುಕುವ ನಾವು ಅರೇಬಿಯಾದ ಮರಳಿನತ್ತಲೂ ಕಣ್ಣಿಡಬೇಕಾಗಿದೆ.

ಈಗ ನನಗೆ ಮುಖ್ಯವಾದ ಪ್ರಸಂಗಕ್ಕೆ ಬರುತ್ತೇನೆ. ಪಂಜಾಬ್, ಹರಿಯಾಣಗಳ ಭತ್ತದ ಕೂಳೆ ಸುಡುವ ವಿಚಾರ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳಲ್ಲಿ ಗಂಗಾ ಬಯಲಿನ ಉದ್ದಕ್ಕೂ ಹೊಗೆ ಹಾಸಿಕೊಳ್ಳುವುದನ್ನು ಉಪಗ್ರಹ ಚಿತ್ರಗಳು ವರ್ಷವರ್ಷವೂ ತೋರಿಸಿವೆ. ಉತ್ತರಕ್ಕೆ ಹಿಮಾಲಯದ ಗೋಡೆ, ಮೇಲೆ ಚಳಿಗಾಲದ ನಿಂತ ಗಾಳಿ. ಹೊಗೆ ಹೋಗುವುದಾದರೂ ಎಲ್ಲಿಗೆ? ರೈತರನ್ನು ಬೈಯುವುದು ಸುಲಭ. ಅಂತರ್ಜಲ ಉಳಿಸಲೆಂದು ಪಂಜಾಬ್ ಸರ್ಕಾರ 2009ರಲ್ಲಿ ಕಾಯಿದೆ ತಂದು ಭತ್ತದ ನಾಟಿಯನ್ನು ಜೂನ್ ಮಧ್ಯದ ಹತ್ತಿರಕ್ಕೆ ತಳ್ಳಿತು. ಕೊಯ್ಲೂ ಹಿಂದೆ ಬಿತ್ತು. ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ಉಳಿದದ್ದು ಎರಡು ಮೂರು ವಾರ. ಯಂತ್ರ ಕೊಯ್ದ ಗದ್ದೆಯಲ್ಲಿ ನಿಂತ ಕೂಳೆಯನ್ನು ಅಷ್ಟರೊಳಗೆ ತೆಗೆಯಲು ಕೈಯಲ್ಲಿ ಕಾಸಿಲ್ಲದವರಿಗೆ ಬೆಂಕಿಕಡ್ಡಿಯೇ ಗತಿಯಾಯಿತು. ನೀರು ಉಳಿಸುವ ಒಳ್ಳೆಯ ಕಾಯಿದೆಯಿಂದ ಹೊಗೆ ಚಳಿಗಾಲದ ಬಾಗಿಲಿಗೆ ಬಂದು ನಿಂತಿತು.

ಇಲ್ಲಿ ಸರ್ಕಾರಗಳು ಲೆಕ್ಕ ಇಡುವುದು ಬೆಂಕಿಯ ಚುಕ್ಕೆಗಳದ್ದು. ಈ ವರ್ಷ ಇಷ್ಟು ಸಾವಿರ ಬೆಂಕಿ, ಕಳೆದ ವರ್ಷಕ್ಕಿಂತ ಇಷ್ಟು ಕಡಿಮೆ ಎಂಬ ಸುದ್ದಿ ನೀವೂ ಓದಿರುತ್ತೀರಿ. ಈ ಚುಕ್ಕೆಗಳನ್ನು ಮುಖ್ಯವಾಗಿ ಎಣಿಸುವ ಆಕ್ವಾ ಮತ್ತು ಸುವೋಮಿ ಎನ್‌ಪಿಪಿ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ಹಳ್ಳಿಗೆ ದಿನಕ್ಕೊಂದೇ ಬರುವ ಬಸ್ಸಿನಂತೆ, ಒಂದು ಜಾಗದ ಮೇಲೆ ಹಗಲಲ್ಲಿ ಒಮ್ಮೆ, ಮಧ್ಯಾಹ್ನ ಒಂದೂವರೆ ಗಂಟೆಯ ಆಸುಪಾಸಿಗೆ ಹಾದುಹೋಗುತ್ತವೆ. ಆ ಹೊತ್ತಿಗೆ ಉರಿಯುತ್ತಿದ್ದರೆ ಲೆಕ್ಕಕ್ಕೆ ಬಂತು. ನಾಲ್ಕು ಗಂಟೆಗೆ ಹಚ್ಚಿ ಕತ್ತಲಾಗುವುದರೊಳಗೆ ಆರಿದ ಬೆಂಕಿ ಲೆಕ್ಕಕ್ಕಿಲ್ಲ. 2024ರಲ್ಲಿ ನಾಸಾದ ಗಾಡರ್ಡ್ ಕೇಂದ್ರದ ಜೊತೆ ಕೆಲಸ ಮಾಡುವ ಹಿರೇನ್ ಜೇತ್ವಾ ಎಂಬ ವಿಜ್ಞಾನಿಗೆ ಇಲ್ಲಿ ಅನುಮಾನ ಬಂತು. ಬೆಂಕಿಯ ಚುಕ್ಕೆ ಇಳಿಯುತ್ತಿದೆ, ಹೊಗೆ ಮಾತ್ರ ಅಷ್ಟು ಇಳಿದಿಲ್ಲ. ಅವರು ದಕ್ಷಿಣ ಕೊರಿಯಾದ ಜಿಯೋ ಕಾಂಪ್‌ಸ್ಯಾಟ್-2ಎ ಎಂಬ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ತೆಗೆದು ನೋಡಿದರು. ಅದು ಒಂದೇ ಕಡೆ ನಿಂತು ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯುತ್ತದೆ. ಆ ಚಿತ್ರಗಳಲ್ಲಿ ಮಧ್ಯಾಹ್ನದ ಉಪಗ್ರಹ ಹಾದುಹೋದ ಮೇಲೆ, ಸಂಜೆಯ ಕಡೆಗೆ, ಹೊಗೆ ದಟ್ಟವಾಗುತ್ತಾ ಹೋಗುವುದು ಕಂಡಿತು. ಸುಡುವ ಹೊತ್ತೇ ಬದಲಾಗಿತ್ತು. ಮುಂದಿನ ಅಧ್ಯಯನಗಳೂ ಹೆಚ್ಚಿನ ಬೆಂಕಿ ಸಂಜೆ ನಾಲ್ಕರಿಂದ ಆರರ ನಡುವೆ ಬೀಳುತ್ತಿದೆಯೆಂದು ತೋರಿಸಿವೆ.

ಇದನ್ನು ನಾನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಒಂದು ಅಂಕಿ ಇಳಿದರೆ ನಾವು ಸಮಸ್ಯೆ ಇಳಿಯಿತೆನ್ನುತ್ತೇವೆ. ಅದನ್ನೇ ನಂಬಿ ಹಣ ಹಂಚಿಕೆಯಾಗುತ್ತದೆ, ಆದೇಶ ಹೊರಡುತ್ತದೆ. ಉಪಗ್ರಹ ಸುಳ್ಳು ಹೇಳಿರಲಿಲ್ಲ. ಒಂದೂವರೆ ಗಂಟೆಗೆ ಏನಿತ್ತೋ ಅದನ್ನು ಹೇಳಿತ್ತು. ಅದನ್ನು ಇಡೀ ದಿನದ ಸಾಕ್ಷಿಯೆಂದು ಓದಿದ್ದು ಮನುಷ್ಯರ ತಪ್ಪು. ಇದಕ್ಕೆ ಪರಿಹಾರವೂ ಆಕಾಶದಲ್ಲೇ ಇದೆ. ಬೆಂಕಿ ಆರಿದರೂ ಗದ್ದೆಯ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ಹಾದು ಹತ್ತು ಇಪ್ಪತ್ತು ಮೀಟರಿನ ವಿವರದಲ್ಲಿ ಆ ಕಲೆಯನ್ನು ಹಿಡಿಯುತ್ತವೆ. ಚುಕ್ಕೆ ಎಣಿಸುವುದರ ಜೊತೆಗೆ ಸುಟ್ಟ ನೆಲವನ್ನೂ ಅಳೆದರೆ ಗಡಿಯಾರ ನೋಡಿ ಹಚ್ಚಿದ ಬೆಂಕಿಯೂ ಲೆಕ್ಕಕ್ಕೆ ಬರುತ್ತದೆ.

ಸುಟ್ಟ ನೆಲ ಅಳೆಯುವ ಈ ವಿಧಾನ ನಮ್ಮ ರಾಜ್ಯದಲ್ಲೇ ಬಳಕೆಯಾಗಿದೆ. 2019ರ ಫೆಬ್ರವರಿ 21ರಿಂದ 25ರವರೆಗೆ ಬಂಡೀಪುರ ಉರಿದದ್ದು ಯಾರೂ ಮರೆತಿರಲಾರರು. ಒಣಗಿದ ಲಂಟಾನ, ಉದುರಿದ ಎಲೆ, ಬಿರುಗಾಳಿ. ಅರಣ್ಯ ಸಿಬ್ಬಂದಿ ಹಸಿ ಸೊಪ್ಪು ಹಿಡಿದು ಬಡಿದರು, ಸ್ವಯಂಸೇವಕರು ಊರೂರಿಂದ ಬಂದರು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಎಷ್ಟು ಕಾಡು ಹೋಯಿತೆಂಬ ಬಗ್ಗೆ ಬಾಯಿಗೊಂದು ಮಾತು ಹುಟ್ಟಿತ್ತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಚಿತ್ರಗಳನ್ನು ನೋಡಿ ಕೊಟ್ಟ ಲೆಕ್ಕ 10,920 ಎಕರೆ. ಆ ಒಂದು ಅಂಕಿ ವಾದಗಳಿಗೆ ನೆಲೆ ಒದಗಿಸಿತು.

ಎತ್ತರದ ಮಾತನ್ನೂ ಹೇಳಬೇಕು. ಮೇಲಿಂದ ತೆಗೆದ ಚಿತ್ರ ನೆಲದಿಂದ ಆಕಾಶದವರೆಗಿನ ಎಲ್ಲ ಹೊಗೆಯನ್ನೂ ಒಟ್ಟಿಗೆ ತೋರಿಸುತ್ತದೆ. ಮೂರು ಕಿಲೋಮೀಟರ್ ಮೇಲೆ ಹಾದುಹೋಗುವ ಹೊಗೆ ಸಂಜೆಯ ಸೂರ್ಯನನ್ನು ಕೆಂಪಗೆ ಮಾಡುತ್ತದೆ, ನಮ್ಮ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ನೆಲಕ್ಕೆ ಅಂಟಿಕೊಂಡ ಹೊಗೆ ಮಕ್ಕಳನ್ನೂ ಮುದುಕರನ್ನೂ ಆಸ್ಪತ್ರೆಗೆ ಸೇರಿಸುತ್ತದೆ. ಚಿತ್ರದಲ್ಲಿ ಎರಡೂ ಒಂದೇ ಬೂದುಬಣ್ಣ. ಎತ್ತರ ಹೇಳುವುದು ಲೇಸರ್. ಮರಳಿಬಂದ ಬೆಳಕಿನ ಹೊತ್ತಿನಿಂದ ಎತ್ತರ ತಿಳಿಯುತ್ತದೆ. ಓರೆಕೋರೆ ಧೂಳಿನ ಕಣಕ್ಕೆ ತಾಗಿದ ಬೆಳಕು ಕಂಪಿಸುವ ದಿಕ್ಕನ್ನೇ ಬದಲಿಸಿ ಬರುವುದರಿಂದ ಹೊಗೆಯೋ ಧೂಳೋ ಎಂಬುದೂ ತಿಳಿಯುತ್ತದೆ. 2019–20ರ ಆಸ್ಟ್ರೇಲಿಯಾದ ಮಹಾಕಿಚ್ಚಿನ ಹೊಗೆಯ ಒಂದು ಭಾಗ ಸುಮಾರು ಸಾವಿರ ಕಿಲೋಮೀಟರ್ ಅಗಲದ ಸುಳಿಯಾಗಿ, ಬಿಸಿಲು ಹೀರುತ್ತಾ ತಾನೇ ತಾನಾಗಿ 35 ಕಿಲೋಮೀಟರ್ ಎತ್ತರಕ್ಕೆ ಏರಿದ್ದನ್ನು ಹೀಗೆಯೇ ಬೆನ್ನುಹತ್ತಿದರು. ಕ್ಯಾಲಿಪ್ಸೊ ನಿಂತಿತು, 2024ರ ಮೇ ತಿಂಗಳಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ತ್‌ಕೇರ್ ಈಗ ಆ ಕೆಲಸ ಮಾಡುತ್ತಿದೆ. ಆದರೂ ಲೇಸರ್ ಅಳೆಯುವುದು ತನ್ನ ಕೆಳಗಿನ ಒಂದು ಗೆರೆಯನ್ನು ಮಾತ್ರ. ಮೋಡದ ಕೆಳಗಿನದು ಯಾವುದಕ್ಕೂ ಸರಿಯಾಗಿ ಕಾಣುವುದಿಲ್ಲ. 2018ರ ಮೇ ಮೊದಲ ವಾರದಲ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆದ ಧೂಳು ಬಿರುಗಾಳಿಯಂಥವು ಗುಡುಗು ಮೋಡದ ಬುಡದಲ್ಲಿ ಹುಟ್ಟುತ್ತವೆ. ಮೇಲಿನಿಂದ ನೋಡುವ ಕಣ್ಣಿಗೆ ಮೋಡ ಕಾಣುತ್ತದೆ, ಧೂಳು ಕಾಣುವುದಿಲ್ಲ.

ಹಾಗಾಗಿ ನೆಲದ ಮೇಲೆ ಅಳೆಯುವವರು ಬೇಕೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ 1999ರಲ್ಲಿ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗದ ಮುಂದಾಳಾಗಿ ಹಿಂದೂ ಮಹಾಸಾಗರದ ಮೇಲಿನ ಕಂದು ಮಬ್ಬನ್ನು ಅಳೆದಾಗ ಉಪಗ್ರಹದ ಜೊತೆಗೆ ಹಡಗು, ವಿಮಾನ, ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದಲ್ಲಿ ನೆಟ್ಟ ಉಪಕರಣ ಎಲ್ಲವೂ ಇದ್ದವು. ದೊಡ್ಡ ನಗರಗಳಲ್ಲಿ ಗಾಳಿ ಅಳೆಯುವ ಯಂತ್ರಗಳು ಬಂದಿವೆ. ಕಾಡಂಚಿನ ತಾಲ್ಲೂಕುಗಳಿಗೂ ಗಣಿಧೂಳು ತಿನ್ನುವ ಊರುಗಳಿಗೂ ಅವು ಬರಬೇಕು. ಆಕಾಶದ ಚಿತ್ರ ತಪ್ಪಿದ್ದನ್ನು ಅಲ್ಲಿನ ಅಳತೆ ತಿದ್ದಬೇಕು.

ಕೇಳುಗರೇ, ಈ ಚಿತ್ರಗಳು ಯಾರ ಗುಟ್ಟೂ ಅಲ್ಲ. ನಾಸಾದ ವರ್ಲ್ಡ್‌ವ್ಯೂ, ಇಸ್ರೋದ ಭುವನ್ ಮತ್ತು ಮೋಸ್ಡಾಕ್ ತಾಣಗಳಲ್ಲಿ ಕಾಸಿಲ್ಲದೆ ನೋಡಬಹುದು. ಶಾಲೆಯ ಮೇಷ್ಟ್ರುಗಳು, ಟೀಚರುಗಳು ತರಗತಿಯಲ್ಲಿ ತೆರೆದು ತೋರಿಸಿ. ಚಿತ್ರ ತೆಗೆದ ಹೊತ್ತು ಯಾವುದೆಂದು ಮಕ್ಕಳು ಮೊದಲು ಕೇಳುವಂತೆ ಕಲಿಸಿ. ಕಾಡಿನ ಪಕ್ಕ ಮನೆ ಇರುವವರಿಗೆ ಒಂದು ಮಾತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ಉಪಗ್ರಹ ಕಂಡ ಬೆಂಕಿಯ ಸುದ್ದಿಯನ್ನು ಅರಣ್ಯ ಇಲಾಖೆಗಳಿಗೆ ಕಳಿಸುತ್ತಿದೆ, ಈಗ ಅದು ಫೋನಿಗೇ ಬರುತ್ತದೆ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಹೊತ್ತಿದ ಕಿಚ್ಚನ್ನು ಮಧ್ಯಾಹ್ನ ಹಾದುಹೋಗುವ ಉಪಗ್ರಹ ಕಂಡು, ಸುದ್ದಿ ಕೈಸೇರುವಷ್ಟರಲ್ಲಿ ಒಂದು ಗುಡ್ಡ ಹೋಗಿರುತ್ತದೆ. ಜನವರಿಯಿಂದ ಮೇ ತನಕ ಗುಡ್ಡದ ಮೇಲೆ ಹೊಗೆ ಕಂಡರೆ ಇಲಾಖೆಗೆ ಗೊತ್ತಿರಬಹುದು ಎಂದು ಸುಮ್ಮನಿರಬೇಡಿ. ಆ ಗಳಿಗೆಯಲ್ಲೇ ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ ತಿಳಿಸಿ.